ಸೂಜಿ ಬದಲಿಸಿದರೆ ಸಾಲದು

ಮಾನ್ಯರೆ,

ಮಧುಮೇಹವಿರುವ ನಾನೂ ನನ್ನ ಪತ್ನಿಯೂ ರಕ್ತದ ಸಕ್ಕರೆ ಪರೀಕ್ಷೆಗೆ ಬಹುಕಾಲ ಸೂಜಿಯನ್ನಷ್ಟೇ ಬದಲಿಸಿ, ಬೆರಳು ಚುಚ್ಚುವ ಪೆನ್ನನ್ನು ಮಾತ್ರ ಒಂದೇ ಇಟ್ಟುಕೊಂಡಿದ್ದೆವು. ಒಂದು ದಿನ ಅದರ ಮುಚ್ಚಳ ಬಿಚ್ಚಿ ನೋಡಿದರೆ ಒಳಅಂಚಿನಲ್ಲಿ ರಕ್ತ ಕಂದು ಚುಕ್ಕಿಯಾಗಿ ಒಣಗಿತ್ತು. ಯಕೃತ್ತಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹರಡಬಲ್ಲದು. ಆದ್ದರಿಂದ ಈ ಪೆನ್ನು, ಹಲ್ಲುಜ್ಜುವ ಬ್ರಷ್‌ನಂತೆ, ಒಬ್ಬೊಬ್ಬರಿಗೆ ಬೇರೆಯೇ ಇರಬೇಕು. ಸಕ್ಕರೆ ಅಳೆಯುವ ಗ್ಲುಕೋಮೀಟರನ್ನು ಹಂಚಿಕೊಳ್ಳುವುದು ಅನಿವಾರ್ಯವಾದರೆ, ತಯಾರಕರು ಸೂಚಿಸಿದ ಸೋಂಕುನಿವಾರಕದಿಂದ ಪ್ರತಿ ಸಲವೂ ಒರೆಸಬೇಕು. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಸೇರಬೇಕೇ ಹೊರತು ಕಸದ ಬುಟ್ಟಿಗಲ್ಲ. ಸಣ್ಣಕ್ಷರದ ಕೈಪಿಡಿಯನ್ನು ಓದುವವರು ವಿರಳವಾದ್ದರಿಂದ, ಈ ಸಾಧನವನ್ನು ಮಾರುವವರೇ ಎರಡು ನಿಮಿಷ ಬಿಡುವು ಮಾಡಿಕೊಂಡು ಇಷ್ಟನ್ನು ತಿಳಿಸಿಕೊಡಲಿ.

– ಒಬ್ಬ ಓದುಗ