ಕ್ಯಾಂಪಿಗೆ ಹೋಗೂಕಿಂತ ಮೊದ್ಲು ಮಗಳಿಗೊಂದು ಪತ್ರ

ಬಂಗಾರ,

ನಾವು ಹೋಗೂ ಆನೆಗುಂದಿ ಕ್ಯಾಂಪಿನ ಬಗ್ಗೆ ದಿನಾ ಏನರ ಒಂದು ಕೇಳ್ತಾನ ಇರ್ತಿ, ಆದ್ರ ಮನಸಿನಾಗ ಇದ್ದ ಮಾತು ಮಾತ್ರ ನಿನ್ನೆ ಲೈಟ್ ಆರಿಸಿದ ಮ್ಯಾಲ ನನ್ನ ಕಿವ್ಯಾಗ ಕೇಳಿದಿ, "ಮಮ್ಮಿ, ರಾತ್ರಿ ಬಾತ್‌ರೂಮಿಗೆ ಬಂದ್ರ ಏನ್ ಮಾಡ್ಲಿ?" ಅಂತ. ನಾನು ಬಾಯಿ ತೆಗಿಯೂದ್ರೊಳಗ "ಮಧ್ಯಾಹ್ನದಿಂದ ನೀರ ಕುಡಿಯಂಗಿಲ್ಲ ಬಿಡು" ಅಂತ ನೀನ ಹೇಳಿ ಮಗ್ಗಲಾದಿ. ನಂಗ ಬಾಳ ಹೊತ್ತು ನಿದ್ದಿ ಬರ್ಲಿಲ್ಲ. ಅಪ್ಪ, ತಮ್ಮ ಇಬ್ರ ಮುಂದ ಈ ಮಾತು ಎತ್ತಿದ್ರ ನೀನು ನಾಚ್ಕೊಂತಿ, ಅದಕ್ಕ ಬರದು ನಿನ್ನ ಕಂಪಾಸ್ ಬಾಕ್ಸಿನಾಗ ಇಡಾಕತ್ತೀನಿ.

ನೀರು ಕುಡಿಬೇಕು, ಹೊಟ್ಟಿ ತುಂಬ ಕುಡಿಬೇಕು. ಡಿಸೆಂಬರ್ ಆದ್ರೂ ಆನೆಗುಂದಿ ಕಡೆ ಹಗಲೊತ್ತು ಆ ಬಂಡೆಗಳು ಕಾದು ಕೆಂಡ ಆಗಿರ್ತಾವು, ಅದ್ರಾಗ ಸಂಜಿಮುಂದ ಅಂಜನಾದ್ರಿ ಗುಡ್ಡ ಹತ್ತೂದೈತಿ, 575 ಮೆಟ್ಲು. ನೀರು ಬಿಟ್ಟು ಹತ್ತಿದ್ರ ತಲಿ ಸಿಡೀತೈತಿ, ಕಾಲು ಹಿಡ್ಕೊಂತಾವು, ಮರುದಿನ ಉರಿಮೂತ್ರ. ಸಾಲ್ಯಾಗ, ಬಸ್ಸಿನಾಗ, ಮದಿವಿ ಮನ್ಯಾಗ ನಮ್ಮ ಹೆಣ್ಮಕ್ಳು ಹಿಂಗ ತಡ್ಕೊಂಡು ಕುಂತು ಕುಂತು ಜಡ್ಡು ತರಿಸ್ಕೊಂತಾರ, ಯಾರೂ ಬಾಯಿ ಬಿಡಂಗಿಲ್ಲ. ನನ್ನ ಮಗಳು ಅದನ್ನ ಈಗಿಂದನ ಕಲಿಯೂದು ನಂಗ ಸುತಾರಾಂ ಬ್ಯಾಡ.

ಸ್ಕೌಟ್ಸ್-ಗೈಡ್ಸ್‌ನಾಗ ಸಣ್ಣ ಹುಡುಗ್ಯಾರ ಗುಂಪು ಐತಲ್ಲ, ನಿಮ್ಮ ಬುಲ್‌ಬುಲ್, ಅದರ ಮೇಡಂಗೆ ಫೋನ್ ಮಾಡಿ ಕೇಳೀನಿ. ತೋಟದ ಮನಿ ಹಿಂದ ಬಾತ್‌ರೂಮ್ ಐತಂತ, ಚಿಲಕನೂ ಐತಂತ, ಟೆಂಟ್ ಹಾಕೂ ಜಾಗದಿಂದ ಒಂದೀಟು ನಡೀಬೇಕು ಅಷ್ಟ. ರಾತ್ರಿ ಯಾವ ಹೊತ್ತಿಗರ ಇರ್ಲಿ ನನ್ನ ಕೈ ಹಿಡಿದು ಜಗ್ಗು, ನಾನು ಎದ್ದು ಬರ್ತೀನಿ. ಮತ್ತ ಒಂದ್ ತಾಸಿಗೆ ಬಂದ್ರ ಮತ್ತ ಜಗ್ಗು, ಮಮ್ಮಿಗೆ ನಿದ್ದಿ ಕೆಡತೈತಿ ಅಂತ ಕಣ್ಣು ಬಿಟ್ಕೊಂಡು ಮಕ್ಕೋಬ್ಯಾಡ.

ಒಬ್ಬಾಕಿನ ಮಾತ್ರ ಹೊರಗ ಕಾಲಿಡಬ್ಯಾಡ ತಾಯಿ. ಗಂಗಾವತಿ ಸೀಮ್ಯಾಗ ಈಗ ಭತ್ತದ ಕೊಯ್ಲು, ಉದುರಿದ ಕಾಳಿಗೆ ಇಲಿ ಬರ್ತಾವು, ಇಲಿಗೆ ಹಾವು ಬರ್ತಾವು. ಕಟ್ಟು ಹಾವು ಅಂತೈತಿ, ಅದು ತಿರಗಾಡೂದ ರಾತ್ರಿ, ಕಡಿದ್ರ ಒಮ್ಮೊಮ್ಮೆ ನೋವೂ ಗೊತ್ತಾಗಂಗಿಲ್ಲ, ನೆಲದ ಮ್ಯಾಲ ಮಲಗಿದವ್ರಿಗೆ ಅದರದ್ದ ಅಂಜಿಕಿ. ಅದಕ್ಕ ಟೆಂಟಿನ ಜಿಪ್ ಪೂರ್ತಿ ಎಳಿಬೇಕು, ಸ್ವಲ್ಪನೂ ಸಂದಿ ಬಿಡಬಾರ್ದು, ಟಾರ್ಚ್ ಬೆಳಕು ಕಾಲಿನ ಮುಂದ ಬೀಳ್ಬೇಕು, ಬೂಟು ಒಳಗ ಇಟ್ಕೊಂಡು ಹಾಕ್ಕೊಳ್ಳೂ ಮುಂದ ತಲಿಕೆಳಗ ಮಾಡಿ ಜಾಡಿಸ್ಬೇಕು, ಕಲ್ಲಿನ ಸೀಮಿ ಅದು, ಚೇಳಿರ್ತಾವು. ಅಕಸ್ಮಾತ್ ಏನರ ಕಡೀತು ಅನಿಸಿದ್ರ ಓಡಬ್ಯಾಡ, ಕುಂತಲ್ಲೇ ಅಳ್ಳಾಡದಂಗ ಕುಂತು ನಮ್ಮನ್ನ ಕೂಗು. ಹಗ್ಗ ಗಿಗ್ಗ ಕಟ್ಟೂದು, ಬ್ಲೇಡಿನಿಂದ ಕೊಯ್ಯೂದು ಯಾವುದೂ ಇಲ್ಲ, 108ಕ್ಕೆ ಫೋನ್ ಮಾಡಿ ಸೀದಾ ದವಾಖಾನಿ. ಅಂಜಿಸಾಕ ಹೇಳಾಕತ್ತಿಲ್ಲ, ಗೊತ್ತಿದ್ರ ಧೈರ್ಯ ಬರ್ತೈತಿ.

ಎರಡು ಹಗ್ಗ ಜೋಡಿಸೂ ನಿನ್ನ ರೀಫ್ ಗಂಟು ಬಾಳ ಚಂದ ಬಂದೈತಿ. ನನ್ನ ಲಂಗದ ಲಾಡಿ, ಅಪ್ಪನ ಬೂಟಿನ ಲೇಸು ತಗೊಂಡು ಮಂಚದ ಕಾಲಿಗೆ ಕುಂತು "ಬಲ ಎಡದ ಮ್ಯಾಲ, ಎಡ ಬಲದ ಮ್ಯಾಲ" ಅಂತ ಗುನುಗ್ತಾ ಕಟ್ಟೂದನ್ನ ಬಾಗ್ಲಾಗ ನಿಂತು ನೋಡೀನಿ. ಲಾಡಿ ದಪ್ಪ, ಲೇಸು ಸಣ್ಣದು, ಅದಕ್ಕ ಅದು ಜಾರಿ ಬಿಚ್ಕೊಂತು, ನಿನ್ನ ಕೈದೇನೂ ತಪ್ಪಿಲ್ಲ, ಆ ಗಂಟಿಗೆ ಎರಡೂ ಹಗ್ಗ ಒಂದ ದಪ್ಪ ಇರ್ಬೇಕು. ಶನಿವಾರ ಮಾಳಗಿ ಮ್ಯಾಲ ಟೆಂಟ್ ಹಾಕಿ ನೋಡೂಣು. ಬಂಡೆ ಮ್ಯಾಲ ಗೂಟ ಇಳಿಯಂಗಿಲ್ಲ, ಮಾಳಗಿ ಮ್ಯಾಲೂ ಇಳಿಯಂಗಿಲ್ಲ, ಹಗ್ಗ ಕಲ್ಲಿಗೆ ಸುತ್ತಿ ಬಿಗಿಯೂದು ಅಪ್ಪ ಕಲಿಸ್ತಾರ.

ಅಜ್ಜಿ ಹೊಲಿದ ಕೌದಿ ಒಯ್ಯೂಣು, ಭಾರ ಅಂತ ತಕರಾರು ಬ್ಯಾಡ. ರಾತ್ರಿ ಹತ್ತರತನ ಬಂಡೆ ಬಿಸಿ ಬಿಡ್ತಿರ್ತಾವು, ಬೆಳಗಿನ ಜಾವಕ್ಕ ಥಂಡಿ ಎಲುಬಿಗೆ ಇಳೀತೈತಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ನಾನು ಮಾಡ್ತೀನಿ, ಡಬ್ಬಿ ಮಾತ್ರ ಟೆಂಟಿನಾಗ ಬರಂಗಿಲ್ಲ, ಬಿಸ್ಕಿಟ್ಟೂ ಇಲ್ಲ. ಹಗಲು ಮಂಗ್ಯಾ, ರಾತ್ರಿ ಗುಡ್ಡದ ಕರಡಿ, ಎರಡಕ್ಕೂ ವಾಸನಿ ಸಿಗಬಾರ್ದು.

ಹೊಳಿ ದಂಡಿಗೆ ಮೇಡಂ ಕರ್ಕೊಂಡು ಹೋದ್ರ ದೂರ ನಿಂತು ನೋಡು, ನೀರಿಗೆ ಇಳಿಯೂದಿಲ್ಲ, ತುಂಗಭದ್ರಾದಾಗ ಮೊಸಳಿ ಅದಾವು, ಕಲ್ಲಿನ ಸಂದ್ಯಾಗ ಸೆಳವೂ ಬಾಳ. ಆದ್ರ ನೀರುನಾಯಿ ಕಾಣ್ತಾವೇನು ನೋಡು, ಮುದ್ಲಾಪುರದಿಂದ ಕಂಪ್ಲಿತನ 34 ಕಿಲೋಮೀಟರ್ ಹೊಳಿನ 2015ರಾಗ ಅವುಕ್ಕಂತನ ಸಂರಕ್ಷಿತ ಪ್ರದೇಶ ಮಾಡ್ಯಾರ. ಕಂಡ್ರ ನಿನ್ನ ಡೈರ್‍ಯಾಗ ಬರಿ.

ಇನ್ನೊಂದು. ನಾವು ಹೋಗೂದು ಡಿಸೆಂಬರ್ 13ಕ್ಕ. ಪ್ರತಿ ವರ್ಷ ಅವತ್ತ ರಾತ್ರಿ ಜೆಮಿನಿಡ್ ಉಲ್ಕೆ ಜಾಸ್ತಿ ಬೀಳ್ತಾವು, ಮಿಥುನ ರಾಶಿ ದಿಕ್ಕಿನಿಂದ ಬಂದಂಗ ಕಾಣ್ತಾವು, ನಮ್ಮ ಕೊಪ್ಪಳದ ಬೀದಿ ಲೈಟಿನಾಗ ಕಾಣೂದು ಕಷ್ಟ. ರಾತ್ರಿ ನೀನು ಎಬ್ಬಿಸಿದ್ರ ಬಾತ್‌ರೂಮಿಂದ ಬರೂ ಮುಂದ ಟಾರ್ಚ್ ಆರಿಸಿ ತೋಟದ ಮನಿ ಕಟ್ಟಿ ಮ್ಯಾಲ ಇಬ್ರೂ ಕುಂತು ನೋಡೂಣು, ಕಣ್ಣು ಕತ್ತಲಿಗೆ ಹೊಂದಾಕ ಒಂದ್ ಇಪ್ಪತ್ತು ನಿಮಿಷ ಬೇಕು.

ನಾಳೆ ಸಾಲಿ ಬಿಟ್ಟ ಮ್ಯಾಲ ಬ್ಯಾಗು ನೀನ ತುಂಬು. ಸ್ಕಾರ್ಫು, ಎರಡು ಜೊತಿ ಚಡ್ಡಿ ಜಾಸ್ತಿ, ಸ್ವೆಟರು, ದೊಡ್ಡ ನೀರಿನ ಬಾಟ್ಲಿ, ಸಣ್ಣದು ಬ್ಯಾಡ. ಟಾರ್ಚಿಗೆ ಹೊಸ ಸೆಲ್ ಬೇಕಂದ್ರ ಅಪ್ಪಗ ಹೇಳು, ಬಜಾರಿಂದ ತರ್ತಾರ.

ನಿನ್ನ
ಮಮ್ಮಿ