ಕುದುರೆಗೆ ಕಣ್ಣು ತೆರೆಸಿದ ಊರು

ನಾಳೆ ಬೆಳಿಗ್ಗೆ ನಮ್ಮ ಕನ್ನಡ ಕೂಟದ ಸಂಚಿಕೆ ಅಚ್ಚಿಗೆ ಹೋಗಬೇಕು, ಈ ಪುಟ ಇನ್ನೂ ಖಾಲಿ. ಸಂಜೆಯೆಲ್ಲ ಗೊಂಬೆ ಕೂರಿಸುವುದರಲ್ಲೇ ಕಳೆಯಿತು. ಪಟ್ಟದ ಗೊಂಬೆಗಳ ಪಕ್ಕದಲ್ಲಿ ಮಗಳು ರಷ್ಯಾದ ಗೊರೊದೇತ್ಸ್‌ನಿಂದ ತಂದ ಕಪ್ಪು ಕುದುರೆಯ ಪುಟ್ಟ ಹಲಗೆಯನ್ನೂ ಇಟ್ಟಳು. ತೆಗೆಯಲು ಹೋದರೆ, “ಇದಕ್ಕೂ ಕಣ್ಣು ತೆರೆಸಿದ್ದಾರಲ್ಲ ಅಮ್ಮ, ಇಲ್ಲೇ ಇರಲಿ” ಎಂದಳು.

ಆಗಸ್ಟ್‌ನಲ್ಲಿ ಹೋಗಿದ್ದೆವು. ಮಾಸ್ಕೋದಿಂದ ನಿಜ್ನಿ ನೊವ್ಗೊರೊದ್‌ಗೆ ರೈಲು, ಅಲ್ಲಿಂದ ಗೊರೊದೇತ್ಸ್‌ಗೆ ಬಸ್ಸು. ವೋಲ್ಗಾ ದಂಡೆಯ ಈ ಊರನ್ನು 1152ರಲ್ಲಿ ಅರಸ ಯೂರಿ ದೊಲ್ಗೊರೂಕಿ ಕಟ್ಟಿಸಿದನೆಂದು ಪ್ರತೀತಿ. ಮಂಗೋಲರ ಖಾನನನ್ನು ಕಂಡು ಮರಳುತ್ತಿದ್ದ ರಷ್ಯಾದ ಅರಸ ಅಲೆಕ್ಸಾಂಡರ್ ನೆವ್ಸ್ಕಿ 1263ರಲ್ಲಿ ಕೊನೆಯುಸಿರೆಳೆದದ್ದು ಇಲ್ಲೇ. ನನ್ನ ಮನಸ್ಸು ನಿಂತದ್ದು ಮಾತ್ರ ನೂಲುವ ಹಲಗೆಗಳ ಮುಂದೆ. ಉಜೋಲಾ ನದಿಯ ಹಳ್ಳಿಗಳ ಹೆಂಗಸರು ಹಲಗೆಯ ಒಂದು ತುದಿಯಲ್ಲಿ ಕುಳಿತು, ಇನ್ನೊಂದು ತುದಿಯಲ್ಲಿ ನಾರಿನ ಬಾಚಣಿಗೆ ನಿಲ್ಲಿಸಿ ನೂಲುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಹಲಗೆ ಗೋಡೆಗೆ ಚಿತ್ರವಾಗುತ್ತಿತ್ತು. ಮೊದಮೊದಲು ನೀರಿನಲ್ಲಿ ನೆನೆದು ಕಪ್ಪಾದ ಓಕ್ ಮರದ ಚೂರುಗಳನ್ನು ಕೂರಿಸಿ ಕುದುರೆ ಮಾಡುತ್ತಿದ್ದರು. 19ನೆಯ ಶತಮಾನದಲ್ಲಿ ಬಣ್ಣ ಬಂತು. ಓಕ್ ಹೋದರೂ ಕುದುರೆಯ ಕಪ್ಪು ಉಳಿಯಿತು.

ನದಿದಂಡೆಯ ಕಾರ್ಯಾಗಾರದಲ್ಲಿ ಅಜ್ಜಿಯೊಬ್ಬರು ಪೆನ್ಸಿಲ್ ಮುಟ್ಟದೆ ಚಿತ್ರ ಬರೆಯುತ್ತಿದ್ದರು. ಮೊದಲು ದುಂಡನೆಯ ಬಣ್ಣದ ಬೊಟ್ಟು, ಮೇಲೆ ಗಾಢ ಬಣ್ಣದ ಎಸಳು. ಅಷ್ಟಾದರೂ ಹೂವು ಮಂಕಾಗಿಯೇ ಇತ್ತು. ಕೊನೆಗೆ ಸಣ್ಣ ಕುಂಚವನ್ನು ಬಿಳಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಎಸಳಿಗೊಂದು ಗೆರೆ, ಕುದುರೆಯ ಕಣ್ಣಿಗೊಂದು ಚುಕ್ಕೆ ಇಟ್ಟರು. “ಓಝಿವ್ಕಾ” ಎಂದರು. ಜೀವ ತುಂಬುವುದು ಎಂದರ್ಥ. ನಮ್ಮೂರಿನ ಕುಂಬಾರರ ಅಂಗಳ ಕಣ್ಣಿಗೆ ಕಟ್ಟಿತು. ಚೌತಿಯ ಹಿಂದಿನ ದಿನ ಗಣಪನಿಗೆ ಕಣ್ಣು ಬರೆಯುವ ಹೊತ್ತಿಗೆ ಅವರು ನಮ್ಮನ್ನೆಲ್ಲ ಸುಮ್ಮನಿರಿಸುತ್ತಿದ್ದರು. ಆ ನಿಶ್ಶಬ್ದದಲ್ಲಿ ಒದ್ದೆ ಮಣ್ಣಿನ ವಾಸನೆ ಇನ್ನೂ ಹೆಚ್ಚಾಗುತ್ತಿತ್ತು. ಹಿಂತಿರುಗುವಾಗ ಬಸ್ಸಿನಲ್ಲಿ ಮಗಳಿಗೆ ಇದನ್ನೇ ಹೇಳಿದ್ದೆ. ನೆನಪಿಟ್ಟುಕೊಂಡಿದ್ದಾಳೆ.

ಇನ್ನು ಸೂಚನೆಗಳು, ಅವಸರದಲ್ಲಿ: ಭಾನುವಾರ ಸಂಜೆ 4ಕ್ಕೆ ನಮ್ಮ ಮನೆಯಲ್ಲಿ ಗೊಂಬೆ ಆರತಿ, ಚರ್ಪಿಗೆ ಕಡಲೆ ಉಸಲಿ. ನವೆಂಬರ್ 1ರ ರಾಜ್ಯೋತ್ಸವದಲ್ಲಿ ಹಾಡುವ ಮಕ್ಕಳ ಹೆಸರನ್ನು ಈ ವಾರವೇ ಕೊಡಿ. ಸದಸ್ಯತ್ವದ ಬಾಕಿ ಇರುವವರು ದಯವಿಟ್ಟು ಕಟ್ಟಿಬಿಡಿ.

ಪುಟ ಜೋಡಿಸಿಕೊಡುತ್ತಿದ್ದ ದಂಪತಿ ಕಳೆದ ತಿಂಗಳು ಬೆಂಗಳೂರಿಗೆ ಮರಳಿದರು. ಒಬ್ಬಳಿಂದ ಇದು ಸಾಗುತ್ತಿಲ್ಲ. ಕನ್ನಡ ಟೈಪಿಂಗ್ ಬಲ್ಲವರು ಯಾರಾದರೂ ತಿಂಗಳಿಗೆ ಎರಡು ಸಂಜೆ ಕೊಡಿ. ಭಾನುವಾರ ಬಂದಾಗಲೇ ಹೇಳಿದರೂ ಸಾಕು. ಕುದುರೆ ಮೇಲಿನ ಮೆಟ್ಟಿಲಲ್ಲೇ ಇರುತ್ತದೆ.