ಲೇಖಕರು ಗ್ರಂಥಾಲಯಕ್ಕೆ ಬರಲಿ, ಶಾಲು ಹಾರ ಬೇಡ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ನಡೆಯುತ್ತದೆ. ಆ ಒಂದು ವಾರ ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ತೋರಣ, ಶಾಮಿಯಾನ, ಧ್ವನಿವರ್ಧಕ ಎಲ್ಲವೂ ಬರುತ್ತವೆ. ಒಬ್ಬಿಬ್ಬರು ಲೇಖಕರೂ ಬರುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಆ ಲೇಖಕರ ಪುಸ್ತಕ ಬೀರುವಿನಲ್ಲಿರುತ್ತದೆ, ಲೇಖಕರು ಮನೆಯಲ್ಲಿರುತ್ತಾರೆ, ಓದುಗರು ಪತ್ರಿಕೆಗಳ ಮೇಜಿನ ಸುತ್ತ ಇರುತ್ತಾರೆ. ಲೇಖಕರೊಂದಿಗೆ ಸಂವಾದ ನಡೆಸಿ, ಪುಸ್ತಕಗಳಿಗೆ ಅವರ ಸಹಿ ಹಾಕಿಸಿಕೊಳ್ಳುವ ಕಾರ್ಯಕ್ರಮವನ್ನು ಜಿಲ್ಲಾ ಮತ್ತು ನಗರ ಕೇಂದ್ರ ಗ್ರಂಥಾಲಯಗಳು ತಿಂಗಳಿಗೊಮ್ಮೆಯಾದರೂ ಏರ್ಪಡಿಸಬೇಕೆಂದೂ, ಅದನ್ನು ಸಮಾರಂಭವನ್ನಾಗಿ ಮಾಡದೆ ಪುಸ್ತಕ ಎರವಲು ಕೊಡುವಷ್ಟೇ ಸಹಜವಾದ ಕೆಲಸವನ್ನಾಗಿ ಮಾಡಿಕೊಳ್ಳಬೇಕೆಂದೂ ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಸಮಾರಂಭದ ಭಯ ನನಗೆ ಸುಮ್ಮನೆ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಇಂಥದೊಂದು ಕಾರ್ಯಕ್ರಮ (ಯಾವ ಊರಿನದೆಂಬುದು ಬೇಡ) ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆಗೆಂದು ಅಚ್ಚಾಗಿದ್ದು, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಆರಂಭವಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ವೇದಿಕೆಯಲ್ಲಿದ್ದ ಹನ್ನೊಂದು ಮಂದಿಗೂ ಶಾಲು, ಹಾರ, ನೆನಪಿನ ಕಾಣಿಕೆ ಇವೆಲ್ಲ ಮುಗಿಯುವ ಹೊತ್ತಿಗೆ, ಕುರ್ಚಿ ತುಂಬಿಸಲು ಕರೆತಂದಿದ್ದ ಕಾಲೇಜು ವಿದ್ಯಾರ್ಥಿಗಳು ಊಟದ ಪಾತ್ರೆಗಳ ಕಡೆಗೆ ಕತ್ತು ಹೊರಳಿಸಿದ್ದರು. ಅಂದಿನ ಅತಿಥಿಯಾಗಿದ್ದ ಕಾದಂಬರಿಕಾರ್ತಿ ಮೈಕಿನ ಮುಂದೆ ನಿಂತ ಏಳನೆಯ ನಿಮಿಷಕ್ಕೆ ನಿರೂಪಕರಿಂದ ಚೀಟಿ ಹೋಯಿತು. ಅವರ ಪುಸ್ತಕದ ಒಂದು ಪ್ರತಿಯೂ ಅಲ್ಲಿ ಮಾರಾಟಕ್ಕಿರಲಿಲ್ಲ. ಗ್ರಂಥಾಲಯದ ಪ್ರತಿ ಬೀಗ ಹಾಕಿದ ಬೀರುವಿನಲ್ಲಿತ್ತು. ಬೀಗದ ಕೈ ಇದ್ದ ಸಿಬ್ಬಂದಿ ಊಟದ ಉಸ್ತುವಾರಿಯಲ್ಲಿದ್ದರು. ಸಹಿ ಕೇಳಿಕೊಂಡು ಬಂದ ಹುಡುಗಿಯೊಬ್ಬಳು ಕೊನೆಗೆ ಆಹ್ವಾನ ಪತ್ರಿಕೆಯ ಹಿಂಬದಿಯಲ್ಲೇ ಹಾಕಿಸಿಕೊಂಡು ಹೋದಳು.

ಇದೇ ಕೆಲಸ ಚೆನ್ನಾಗಿ ನಡೆದದ್ದನ್ನೂ ನೋಡಿದ್ದೇನೆ. ಒಂದು ಶಾಖಾ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಕಥೆಗಾರರೊಬ್ಬರನ್ನು ಕರೆಸಿದ್ದರು. ವೇದಿಕೆ ಇರಲಿಲ್ಲ, ಓದುವ ಮೇಜುಗಳನ್ನು ಗೋಡೆಗೆ ಸರಿಸಿ ನಲವತ್ತು ಕುರ್ಚಿ ಹಾಕಿದ್ದರು. ಅವರ ಸಂಕಲನದ ಮೂರು ಪ್ರತಿಗಳು ಹಿಂದಿನ ತಿಂಗಳಿನಿಂದಲೇ ಕೈಯಿಂದ ಕೈಗೆ ಓಡಾಡಿದ್ದರಿಂದ ಬಂದವರಲ್ಲಿ ಅನೇಕರು ಓದಿಯೇ ಬಂದಿದ್ದರು. ಕಥೆಗಾರರು ಇಪ್ಪತ್ತು ನಿಮಿಷ ಮಾತಾಡಿ ಒಂದು ಕಥೆಯ ಎರಡು ಪುಟ ಓದಿದರು. ಆಮೇಲೆ ಮುಕ್ಕಾಲು ಗಂಟೆ ಪ್ರಶ್ನೆಗಳೇ. ದಿನವೂ ಪತ್ರಿಕೆ ಓದಲು ಮಾತ್ರ ಬರುವ, ಎಂದೂ ಪುಸ್ತಕ ಎರವಲು ಪಡೆಯದ ಹಿರಿಯರೊಬ್ಬರು ಎದ್ದು ನಿಂತು, ಕಥೆಯಲ್ಲಿ ಬರುವ ಅಡಿಕೆ ಮಂಡಿಯ ಲೆಕ್ಕ ತಪ್ಪಾಗಿದೆ ಎಂದು ವಿವರಿಸಿದಾಗ, ಕಥೆಗಾರರು ಜೇಬಿನಿಂದ ಪೆನ್ನು ತೆಗೆದು ತಮ್ಮ ಪ್ರತಿಯ ಅಂಚಿನಲ್ಲಿ ಗುರುತು ಮಾಡಿಕೊಂಡರು. ಕೊನೆಯಲ್ಲಿ ಗ್ರಂಥಾಲಯದ ಪ್ರತಿಗಳಿಗೂ ಅವರಿಂದ ಸಹಿ ಹಾಕಿಸಿದರು. ಇಲಾಖೆಯ ಮೊಹರು, ಕೆಳಗೆ ನೋಂದಣಿ ಸಂಖ್ಯೆ, ಅದರ ಪಕ್ಕದಲ್ಲಿ ‘ಈ ಪುಸ್ತಕ ಓದುವ ಎಲ್ಲರಿಗೂ’ ಎಂಬ ಬರಹ ಮತ್ತು ರುಜು. ಸ್ವಂತ ಪ್ರತಿಗೆ ಹಾಕಿಸಿಕೊಂಡ ಸಹಿ ಒಬ್ಬರ ಕಪಾಟು ಸೇರುತ್ತದೆ. ಈ ಸಹಿ ಊರಿನದು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಡಾ. ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಆಗಸ್ಟ್ 12ರಂದು, ಗ್ರಂಥಪಾಲಕರ ದಿನದ ಹೆಸರಿನಲ್ಲಿ, ನಮ್ಮ ಗ್ರಂಥಾಲಯಗಳು ತಪ್ಪದೆ ಹೂ ಮುಡಿಸುತ್ತವೆ. ಅವರು 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆನ್ನುತ್ತದೆ. ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ಎರಡನೆಯದರ ಬಗ್ಗೆ ನಾವು ಸಾಕಷ್ಟು ಮಾತಾಡುತ್ತೇವೆ. ಸರ್ಕಾರ ಸಗಟು ಖರೀದಿಯಲ್ಲಿ ಕೊಂಡು ಜಿಲ್ಲೆ ಜಿಲ್ಲೆಗೆ ಕಳುಹಿಸಿದ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಗಳ ವಾಯಿದೆ ಚೀಟಿಯ (ಎರವಲು ಪಡೆದವರು ಹಿಂದಿರುಗಿಸಬೇಕಾದ ದಿನವನ್ನು ಗುರುತಿಸುವ ಚೀಟಿ) ಮೇಲೆ ಒಂದು ತಾರೀಖೂ ಬಿದ್ದಿರುವುದಿಲ್ಲ ಎಂಬುದನ್ನು ಬೀರುವಿನ ಮುಂದೆ ಹತ್ತು ನಿಮಿಷ ನಿಂತು ನೋಡಿದ ಯಾರೂ ಹೇಳಬಲ್ಲರು. ಮೂರನೆಯ ಸೂತ್ರ ಅಂಥ ಪುಸ್ತಕಗಳ ಪರವಾಗಿದೆ. ಬರೆದವರನ್ನೇ ಕರೆಸಿ ಕೂರಿಸುವುದಕ್ಕಿಂತ ಸುಲಭವಾದ ದಾರಿ ಅವುಗಳಿಗೆ ನನಗೆ ತೋಚುತ್ತಿಲ್ಲ.

ಹಣವಿಲ್ಲ ಎಂಬ ಉತ್ತರ ಬರಬಹುದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ; ಈಗ ಅದು ತೆರಿಗೆಯ ಶೇ 6ರಷ್ಟಿದೆ. ಸ್ಥಳೀಯ ಸಂಸ್ಥೆಗಳು ಈ ಕರವನ್ನು ವಸೂಲಿ ಮಾಡಿಯೂ ಇಲಾಖೆಗೆ ಪೂರ್ತಿ ಪಾವತಿಸುವುದಿಲ್ಲವೆಂಬ ದೂರು ಹಳೆಯದು, ಅದು ಬೇರೆಯೇ ಪತ್ರಕ್ಕೆ ವಸ್ತು. ಆದರೆ ಲೇಖಕರ ಬಸ್ಸು ಅಥವಾ ರೈಲಿನ ವೆಚ್ಚ, ಒಂದು ಮರ್ಯಾದೆಯ ಗೌರವಧನ, ಬಂದವರಿಗೆ ಕಾಫಿ ಇಷ್ಟು ಖರ್ಚಿಗೆ, ಹನ್ನೊಂದು ಶಾಲು ಹಾರಗಳನ್ನು ಕೈಬಿಟ್ಟರೆ ಉಳಿಯುವ ಹಣವೇ ಬಹುಪಾಲು ಸಾಕಾದೀತು.

ಸಮಯದ ತೊಂದರೆಯೂ ಇಲ್ಲ. ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಸೋಮವಾರ. ಭಾನುವಾರ ಬಾಗಿಲು ತೆರೆದೇ ಇರುತ್ತದೆ, ದುಡಿಯುವವರಿಗೂ ಮಕ್ಕಳಿಗೂ ಬಿಡುವಿರುವುದೂ ಅಂದೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಗಲಾಟೆಯಾಗುತ್ತದೆಂಬ ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಏಕೆಂದರೆ ಇಂದು ಈ ಕಟ್ಟಡಗಳನ್ನು ಬೆಳಗಿನಿಂದ ರಾತ್ರಿಯವರೆಗೆ ನಿಜವಾಗಿ ಬಳಸುತ್ತಿರುವವರು ಅವರೇ. ಪ್ರತ್ಯೇಕ ಕೊಠಡಿ ಇಲ್ಲದ ಕಡೆ ಧ್ವನಿವರ್ಧಕವಿಲ್ಲದೆ, ಜಗಲಿಯಲ್ಲೋ ಮಕ್ಕಳ ವಿಭಾಗದಲ್ಲೋ ಸೇರಬೇಕು, ಒಂದೂವರೆ ಗಂಟೆಯೊಳಗೆ ಮುಗಿಸಬೇಕು. ಸರ್ಕಾರಿ ಕಟ್ಟಡದಲ್ಲಿ ಪುಸ್ತಕ ವ್ಯಾಪಾರವೇ ಎಂದು ಹುಬ್ಬೇರಿಸುವವರೂ ಇದ್ದಾರೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ್ದನ್ನು ಅಭಿಮಾನದಿಂದ ಹೇಳಿಕೊಳ್ಳುವ ನಾಡಿನಲ್ಲಿ, ಪ್ರಕಾಶಕರು ಎರಡು ಗಂಟೆಯ ಮಟ್ಟಿಗೆ ಬಾಗಿಲ ಬಳಿ ಮೇಜು ಹಾಕಿ ರಿಯಾಯಿತಿ ದರದಲ್ಲಿ ಮಾರಿದರೆ ಯಾವ ನಷ್ಟವೂ ಇಲ್ಲ. ಕೊಳ್ಳಲಾಗದವರು ಮುಜುಗರಪಡದಂತೆ ಗ್ರಂಥಾಲಯದ ಪ್ರತಿಗಳೂ ಅದೇ ಮೇಜಿನ ಪಕ್ಕದಲ್ಲಿರಬೇಕು, ಅಷ್ಟೆ.

ಕರೆಯುವುದು ಪ್ರಶಸ್ತಿ ಪಡೆದವರನ್ನೇ ಆಗಬೇಕಾಗಿಲ್ಲ. ಅದೇ ಜಿಲ್ಲೆಯವರು, ಮೊದಲ ಪುಸ್ತಕ ಬರೆದವರು, ಅನುವಾದಕರು, ಮಕ್ಕಳಿಗಾಗಿ ಬರೆಯುವವರು ಬರಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ರಾಜ್ಯದಲ್ಲಿ ಅಂಥವು 5,000ಕ್ಕೂ ಹೆಚ್ಚಿವೆ. ನಗರಕ್ಕೆ ಬಂದ ಲೇಖಕರನ್ನು ಮರುದಿನ ಬೆಳಿಗ್ಗೆ ಅಲ್ಲಿಯದೊಂದು ಕೇಂದ್ರಕ್ಕೂ ಕರೆದೊಯ್ದರೆ, ಶಾಲೆಯ ಪಠ್ಯದಲ್ಲಿ ಬರುವ ಲೇಖಕರೆಲ್ಲ ತೀರಿಕೊಂಡವರೆಂದು ತಿಳಿದಿರುವ ಮಕ್ಕಳಿಗೆ (ಮೂವತ್ತು ವರ್ಷ ಪಾಠ ಹೇಳಿದ ಅನುಭವದಿಂದ ಬರೆಯುತ್ತಿದ್ದೇನೆ) ಬದುಕಿರುವ ಒಬ್ಬರನ್ನಾದರೂ ನೋಡಿದಂತಾಗುತ್ತದೆ.

ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ, ನಾವು ಹದಿನಾಲ್ಕು ಮಂದಿ ಓದುಗರು ಸೇರಿ ಮುಂದಿನ ಆರು ತಿಂಗಳಿಗೆ ಆರು ಲೇಖಕರನ್ನು ಕೇಳಿಟ್ಟಿದ್ದೇವೆ. ಎಲ್ಲರೂ ಒಪ್ಪಿದ್ದಾರೆ, ಇಬ್ಬರು ಗೌರವಧನವೂ ಬೇಡವೆಂದಿದ್ದಾರೆ. ಗ್ರಂಥಾಲಯದ ಮಹಡಿಯ ಮೇಲಿನ ಸಭಾಂಗಣ, ಹಳೆಯ ಕಡತಗಳನ್ನೂ ಮುರಿದ ಕುರ್ಚಿಗಳನ್ನೂ ತುಂಬಿಕೊಂಡು ಬೀಗ ಹಾಕಿಕೊಂಡಿದೆ. ಅದನ್ನು ತೆರವು ಮಾಡಿಸಿ ತಿಂಗಳಿಗೊಂದು ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ತೆರೆದುಕೊಡಲು ಇಲಾಖೆ ಅನುಮತಿ ನೀಡಬೇಕೆಂದು ಕೋರುತ್ತೇನೆ. ಗುಡಿಸುವ ಕೆಲಸ ನಾವೇ ಮಾಡಿಕೊಳ್ಳುತ್ತೇವೆ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ